ತಲೆಯ ಮೇಲಿನ ಗೆರೆ

ನನ್ನ ತಂತ್ರಾಂಶ ಮೊದಲ ಸಲ ಒಂದು ಬಾಣವನ್ನು ಬಾಣವೆಂದು ಗುರುತಿಸಿದ ದಿನ ನಾನು ಪ್ರಯೋಗಾಲಯದಿಂದ ಕಾಶಿಯ ಅಸ್ಸಿ ಘಾಟಿನವರೆಗೆ ನಡೆದೇ ಹೋದೆ. ಆಟೋದವರು ಕರೆದರೂ ಹತ್ತಲಿಲ್ಲ. ಸುಮ್ಮನೆ ಕೂರುವುದು ಆವತ್ತು ನನ್ನಿಂದ ಆಗುವ ಕೆಲಸವಾಗಿರಲಿಲ್ಲ. ಘಾಟಿನ ಚಹಾದಂಗಡಿಯಲ್ಲಿ ಗುರುತು ಪರಿಚಯವಿಲ್ಲದ ಮೂವರ ಮುಂದೆ ಟ್ಯಾಬ್ಲೆಟ್ ಹಿಡಿದು, "ದೇಖಿಯೇ, ತೀರ್!" ಎಂದೆ. ಒಬ್ಬ ಹಿರಿಯರು ಚಹಾದ ಮಣ್ಣಿನ ಕುಲ್ಹಡ್ ಕೆಳಗಿಟ್ಟು, ಕನ್ನಡಕ ಏರಿಸಿ, ಬಾಣವೇ ಹೌದೆಂದು ಗಂಭೀರವಾಗಿ ಒಪ್ಪಿದರು. ನನಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿದಿತ್ತು.

ಒಂದು ಬಾಣಕ್ಕೆ ಇಷ್ಟು ಕುಣಿತವೇ ಎನ್ನುವವರಿಗೆ ಸ್ವಲ್ಪ ವಿವರ ಹೇಳಬೇಕು. ಮೈಸೂರಿನ ಕಡೆಯಿಂದ ಬಂದು ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಪಾಠ ಮಾಡುವವಳು ನಾನು. ತಂತ್ರಾಂಶ ಬರೆಯುವವರು ಮೊದಲು ಅದರ ನಕ್ಷೆಯನ್ನು ಕಾಗದದ ಮೇಲೆ ಗೀಚುತ್ತಾರೆ: ಒಂದೊಂದು ಭಾಗಕ್ಕೆ ಒಂದು ಚೌಕ, ಚೌಕದೊಳಗೆ ಹೆಸರು, ಯಾವುದು ಯಾವುದನ್ನು ಕೇಳಬೇಕೆನ್ನಲು ಬಾಣ. ಆಮೇಲೆ ಯಾರೋ ಪಾಪದವರು ಮೌಸ್ ಹಿಡಿದು ಅದನ್ನೇ ಮತ್ತೆ ಬಿಡಿಸಬೇಕು. ಅಷ್ಟರಲ್ಲಿ ಹುಮ್ಮಸ್ಸು ಆರಿರುತ್ತದೆ. ಪೆನ್ನಿನಿಂದ ಗಾಜಿನ ಮೇಲೆ ಗೀಚಿದರೆ ಸಾಕು, ಯಂತ್ರವೇ ಅರ್ಥ ಮಾಡಿಕೊಂಡು ಚೌಕಗಳನ್ನು ನೆಟ್ಟಗೆ ಮಾಡಲಿ ಎನ್ನುವುದು ನನ್ನ ಆಸೆ. ಮೂರು ವರ್ಷ ಅದರ ಹಿಂದೆಯೇ ಬಿದ್ದಿದ್ದೆ. ಮೂಲೆ ಕೂಡದ ಚೌಕವನ್ನು ಅದು ಕೊಕ್ಕೆ ಎಂದಿತು. ನನ್ನ ವೃತ್ತವನ್ನು ತ್ರಿಕೋನ ಎಂದಿತು. ಬೈದೆ, ತಿದ್ದಿದೆ, ಮತ್ತೆ ಬೈದೆ.

ಹೆತ್ತವರಿಗೆ ಹೆಗ್ಗಣ ಮುದ್ದು. ಈ ಹೆಗ್ಗಣದಲ್ಲಿ ನನಗೆ ಅತಿ ಮುದ್ದೆಂದರೆ ಅಳಿಸುವ ಗೆರೆ. ಗುಂಡಿ ಒತ್ತಬೇಕಿಲ್ಲ, ಎಲ್ಲಿಯೂ ಹುಡುಕಬೇಕಿಲ್ಲ. ಬೇಡವಾದದ್ದರ ಮೇಲೆ ಅಡ್ಡಗೆರೆ ಎಳೆದರೆ ಅದು ಮಾಯ. ಕಾಗದದ ಮೇಲೆ ಎಲ್ಲರೂ ಮಾಡುವುದು ಅದನ್ನೇ ಅಲ್ಲವೇ ಎಂದು ಬೀಗುತ್ತಿದ್ದೆ.

ವಿಭಾಗದ ಮುಖ್ಯಸ್ಥರು ಅಪ್ಪಟ ಬನಾರಸಿ. ಎಲ್ಲವನ್ನೂ ನೋಡಿ, "ಮೇಡಂ, ಇದು ನಿಮ್ಮ ಕೈಯನ್ನು ಮಾತ್ರ ಬಲ್ಲದು. ಬೇರೆಯವರು ಬರೆದು ತೋರಿಸಲಿ" ಎಂದರು. ಆಗಲಿ ಎಂದೆ, ಎದೆಯುಬ್ಬಿಸಿ. ದಿನವೂ ಗಂಗೆಯ ಆಚೆ ದಡದ ರಾಮನಗರದಿಂದ ಸೇತುವೆ ದಾಟಿ ಬರುವ ನಮ್ಮ ಕಚೇರಿಯ ಗುಮಾಸ್ತೆಯನ್ನು ಕರೆದರು. ಪ್ರವೇಶಾತಿಯ ತಂತ್ರಾಂಶ ಹೇಗಿರಬೇಕೆಂದು ಆಕೆ ಬಿಡಿಸಬೇಕು. ಆಕೆ ಚೌಕ ಎಳೆದರು, ಯಂತ್ರ ಗುರುತಿಸಿತು. ಒಳಗೆ ವಿದ್ಯಾರ್ಥಿ ಎನ್ನಲು ಹಿಂದಿಯಲ್ಲಿ 'ಛಾತ್ರ' ಎಂದು ಬರೆದು ಮೇಲೊಂದು ಗೆರೆ ಎಳೆದರು. ಪದ ಮಾಯವಾಯಿತು.

ಆಕೆ ತಮ್ಮದೇ ತಪ್ಪೆಂದುಕೊಂಡು ಮತ್ತೆ ಬರೆದರು. ಮತ್ತೆ ಮಾಯ. ಮೂರನೆಯ ಸಲ ನಾಲಿಗೆ ಕಚ್ಚಿ, ಚಿಕ್ಕ ಮಕ್ಕಳ ಕಾಪಿಯಂತೆ ದುಂಡಾಗಿ ಬರೆದು ಗೆರೆ ಎಳೆದರು. ಅದೂ ಹೋಯಿತು.

"ಮೇಡಂಜೀ, ನಿಮ್ಮ ಮಷೀನಿಗೆ ವಿದ್ಯಾರ್ಥಿಗಳೇ ಬೇಡವಂತೆ" ಎಂದರು. ಕೋಣೆ ಹೋ ಎಂದು ನಕ್ಕಿತು. ನಾನೂ ನಕ್ಕೆ, ಕಣ್ಣಲ್ಲಿ ನೀರು ಬರುವಷ್ಟು. ಅದರಲ್ಲಿ ಅರ್ಧ ಅಳುವೇ.

ಕನ್ನಡದ ಅಕ್ಷರಗಳು ಒಂದೊಂದೂ ತಮ್ಮ ತಲೆಕಟ್ಟನ್ನು ತಾವೇ ಹೊತ್ತುಕೊಂಡಿರುತ್ತವೆ. ಹಿಂದಿಯವು ಹಾಗಲ್ಲ. ಮೊದಲು ಅಕ್ಷರಗಳನ್ನೆಲ್ಲ ಬರೆದು, ಕೊನೆಗೆ ಎಲ್ಲಕ್ಕೂ ಸೇರಿಸಿ ತಲೆಯ ಮೇಲೊಂದು ಗೆರೆ, ಬಟ್ಟೆ ಒಣಹಾಕುವ ಹಗ್ಗದ ಹಾಗೆ. ಆ ಗೆರೆ ಒಂದು ಕೂದಲಷ್ಟು ಕೆಳಗಿಳಿದರೂ ನನ್ನ ಯಂತ್ರ ಅದನ್ನು ಅಳಿಸುವ ಗೆರೆಯೆಂದು ತಿಳಿಯುತ್ತಿತ್ತು. ನಾನೂ ನನ್ನ ವಿದ್ಯಾರ್ಥಿಗಳೂ ಹೆಸರುಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದುದರಿಂದ ಇದು ಬಯಲಾಗಿರಲಿಲ್ಲ. ಐದು ವರ್ಷ ಕಾಶಿಯ ನೀರು ಕುಡಿದು, ಹಿಂದಿ ಬರೆದರೆ ಅಳಿಸಿಹಾಕುವ ಯಂತ್ರ ಕಟ್ಟಿದ್ದೆ!

ಪ್ರಯೋಗಾಲಯದ ಬಿಳಿ ಹಲಗೆಯ ಮೇಲೆ ಆ ವರ್ಷದ ಕೆಲಸಗಳ ಪಟ್ಟಿ ಇತ್ತು. ಮುಖ್ಯಸ್ಥರು ಕೈಗೆ ಸಿಕ್ಕಿದ ಪೆನ್ನು ತೆಗೆದುಕೊಂಡು ನನ್ನ ಕೆಲಸದ ಹೆಸರಿನ ಮೇಲೆ ಅಡ್ಡಗೆರೆ ಎಳೆದರು. "ಹೋಳಿ ರಜೆಗೆ ಮೊದಲು ಇವರ ಕೈಯಲ್ಲೇ ನಡೆಸಿ ತೋರಿಸಿ, ಮತ್ತೆ ಬರೆಯೋಣ. ಇಲ್ಲದಿದ್ದರೆ ನಿಮ್ಮ ಯಂತ್ರದ ಕಥೆ ಮುಗಿಯಿತು. ನಿಮ್ಮ ವಿದ್ಯಾರ್ಥಿಗಳಿಗೆ ಬೇರೆ ಕೆಲಸ ಕೊಡುತ್ತೇನೆ" ಎಂದರು. ನನ್ನ ಮೂರು ವರ್ಷ ಆ ಗೆರೆಯ ಕೆಳಗೆ ಬಿದ್ದಿತ್ತು. ತುಂಬಾ ನೋವಾಯಿತು.

ಗೆರೆಗೂ ಗೆರೆಗೂ ವ್ಯತ್ಯಾಸವನ್ನು ಯಂತ್ರಕ್ಕೆ ಹೇಳಿಕೊಡಲು ಹೊರಟೆ. ಎತ್ತರ ನೋಡಿ ತೀರ್ಮಾನಿಸು ಎಂದರೆ ಅವಸರದವರ ಪದಗಳು ಹೋದವು. ವೇಗ ನೋಡು ಎಂದರೆ ನಿಧಾನದವರವು ಹೋದವು. ಎರಡನ್ನೂ ನೋಡು ಎಂದರೆ ನಿಜವಾಗಿ ಅಳಿಸಬೇಕಾದದ್ದು ಅಳಿಸದೆ ಕೂತಿತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ಹಿಂದಿ ಲಿಪಿಯನ್ನೇ ಬೈದುಕೊಂಡು ತಿರುಗಿದೆ.

ಭೇಲೂಪುರದಲ್ಲಿ ನಮ್ಮ ಬಾಡಿಗೆ ಮನೆಯ ಕೆಳಗೆ ಧಾರವಾಡದ ಕಡೆಯ ಆಚಾರ್ಯರೊಬ್ಬರ ಸಂಸಾರವಿದೆ. ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಶ್ರಾದ್ಧ, ಪೂಜೆ ಮಾಡಿಸುವವರು. ಒಂದು ಭಾನುವಾರ ಬೆಳಿಗ್ಗೆ ಅವರ ಹೆಂಡತಿ ಅವಲಕ್ಕಿಗೆ ಕರೆದಿದ್ದರು. ಆಚಾರ್ಯರು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಏನೋ ಬರೆಯುತ್ತಿದ್ದರು: ಯಾರು ಯಾವ ರೈಲಿಗೆ ಇಳಿಯುತ್ತಾರೆ, ಯಾವ ದೋಣಿ, ಯಾವ ಘಾಟು, ಊಟಕ್ಕೆ ಎಷ್ಟು ಜನ. ಎಲ್ಲವೂ ಚೌಕ, ಎಲ್ಲವೂ ಬಾಣ!

"ಆಚಾರ್ರೇ, ಇದು ನನ್ನ ಚಿತ್ರ!" ಎಂದು ಕೂಗಿಬಿಟ್ಟೆ.

"ನಿಂದಲ್ಲ ತಂಗಿ, ನಾಳಿನ ಶ್ರಾದ್ಧದ್ದು" ಎಂದರು ಅವರು.

ಟ್ಯಾಬ್ಲೆಟ್ ಕೊಟ್ಟು ಅದರ ಮೇಲೇ ಬರೆಸಿದೆ. ಮೊದಲು ಮೇಲೆ 'ಶ್ರೀ' ಬಂತು. ಯಂತ್ರ ಅದನ್ನೂ ಒಂದು ಭಾಗವೆಂದು ನಂಬಿ ಚೌಕ ಕಟ್ಟಿತು. ಉಳಿದದ್ದೆಲ್ಲ ಸರಾಗ. ಅಷ್ಟರಲ್ಲಿ ಫೋನು ಬಂತು. ಒಂದು ಮನೆಯವರಿಗೆ ರೈಲು ತಪ್ಪಿದೆ, ನಾಳೆ ಬರುವುದಿಲ್ಲ.

"ಅವರ ಹೆಸರಿನ ಮೇಲೆ ಗೆರೆ ಎಳೀರಿ, ಹೋಗ್ತಾರೆ" ಎಂದೆ.

ಆಚಾರ್ಯರು ಕಾದ ಪಾತ್ರೆ ಮುಟ್ಟಿದವರಂತೆ ಕೈ ಹಿಂದೆಳೆದರು. "ಏನ್ ಮಾತಾಡ್ತಿ ತಂಗಿ! ಜೀವಂತ ಇದ್ದವರ ಹೆಸರಿನ ಮ್ಯಾಲೆ ಗೆರಿ ಎಳೀತಾರೇನು? ನಮ್ಮ ಕಸಬಿನಾಗ ಬಿಲಕುಲ್ ಆಗೂದಿಲ್ಲ. ಗಾಡಿ ತಪ್ಪೇದ, ಅಷ್ಟ. ಅವರೇನು ಸತ್ತಾರೇನು?"

"ಮತ್ತೇನು ಮಾಡ್ತೀರಿ?"

ಅವರು ಹೆಸರಿನ ಸುತ್ತ ಒಂದು ಸುತ್ತು ಹಾಕಿ, ಪೆನ್ನು ಎತ್ತದೆ ಅದರಿಂದ ಒಂದು ಬಾಲವನ್ನು ಪಕ್ಕದ ಅಂಚಿನವರೆಗೂ ಎಳೆದರು. "ದಂಡಿಗೆ ಕೂಡಸ್ತೀನಿ. ಮುಂದಿನ ಗಾಡಿಗೆ ಬಂದ್ರ ಮತ್ತ ಒಳಗ ಕರಕೋತೀನಿ."

ಬೆಣ್ಣೆಯನ್ನು ಕೆಳಗಿನ ಮನೆಯಲ್ಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದಿದ್ದೆ! ಸುತ್ತು ಹಾಕಿ ಅಂಚಿನವರೆಗೆ ಬಾಲ ಎಳೆಯುವ ಅಕ್ಷರ ನನಗೆ ಗೊತ್ತಿದ್ದ ಯಾವ ಲಿಪಿಯಲ್ಲೂ ಇರಲಿಲ್ಲ. ಅದೂ ಅಲ್ಲದೆ, ದಂಡೆಗೆ ಹೋದದ್ದು ಕಳೆದುಹೋಗುವುದಿಲ್ಲ, ಕರೆದರೆ ಬರುತ್ತದೆ. ಅವಲಕ್ಕಿಯ ತಟ್ಟೆ ಅಲ್ಲೇ ಬಿಟ್ಟು ಎರಡೆರಡು ಮೆಟ್ಟಿಲು ಹಾರಿ ಮೇಲೆ ಓಡಿದೆ. "ಅವಲಕ್ಕಿ ಮುಗಿಸಿ ಹೋಗವಾ!" ಎಂದು ಅವರ ಹೆಂಡತಿ ಕೂಗುತ್ತಲೇ ಇದ್ದರು. ಮುದ್ದಿನ ಅಡ್ಡಗೆರೆಯನ್ನು ಅವತ್ತೇ ಕಿತ್ತುಹಾಕಿದೆ. ಸಂಕಟವಾಯಿತು, ಆದರೆ ಹತ್ತು ನಿಮಿಷ ಮಾತ್ರ.

ಹೋಳಿ ರಜೆಗೆ ಎರಡು ದಿನ ಮೊದಲು ಅದೇ ಕೋಣೆ, ಅದೇ ಗುಮಾಸ್ತೆ. ಆಕೆ 'ಛಾತ್ರ' ಎಂದು ಬರೆದರು. ಗೆರೆ ಎಳೆಯುವ ಮುಂಚೆ ನನ್ನ ಮುಖ ನೋಡಿದರು. ಎಳೆದರು.

ಪದ ಉಳಿಯಿತು.

"ಗಜಬ್ ಬಾ!" ಎಂದು ಬೆರಗಾದರು ಆಕೆ. 'ಪರೀಕ್ಷಾ' ಎಂದು ಬರೆದರು, ಅದೂ ಉಳಿಯಿತು. ಬೇಡವಾದದ್ದನ್ನು ಸುತ್ತು ಹಾಕಿ ಅಂಚಿಗೆ ಎಳೆಯಿರಿ ಎಂದೆ. ಆಕೆ ಪರೀಕ್ಷೆಯನ್ನೇ ದಂಡೆಗೆ ಎಳೆದು ಕೂರಿಸಿದರು, ವಿದ್ಯಾರ್ಥಿಗಳು ಚಪ್ಪಾಳೆ ತಟ್ಟಿದರು. ಆಕೆಗೆ ಹುರುಪು ಏರಿ ಸಿಕ್ಕಿದ್ದನ್ನೆಲ್ಲ ದಂಡೆಗೆ ಕಳಿಸುವುದು, ವಾಪಸ್ಸು ಕರೆಯುವುದು! ಆಕೆ ಮೊದಲೇ ಮೇಲೆ ಬರೆದಿದ್ದ 'ಓಂ'ಗೂ ಯಂತ್ರ ಚೌಕ ಕಟ್ಟಿ, ಅಲ್ಲಿಂದ ಛಾತ್ರನಿಗೆ ಬಾಣ ಜೋಡಿಸಿತ್ತು. ತಪ್ಪೇ ಅದು. "ಅದು ಇರಲಿ ಬಿಡಿ" ಎಂದು ಮುಖ್ಯಸ್ಥರು ನಕ್ಕರು.

ಆಮೇಲೆ ಅವರು ಕೊಟ್ಟ ಮಾತಿನಂತೆ ಬಿಳಿ ಹಲಗೆಯ ಹತ್ತಿರ ಹೋಗಿ ನನ್ನ ಸಾಲನ್ನು ಒರೆಸಿದರು. ಹೆಸರು ಹೋಯಿತು, ಗೆರೆ ಹೋಗಲಿಲ್ಲ. ಕರವಸ್ತ್ರ ಒದ್ದೆ ಮಾಡಿ ಉಜ್ಜಿದರು. ಅಂದು ಅವರ ಕೈಗೆ ಸಿಕ್ಕಿದ್ದು ಅಳಿಸಲಾಗದ ಪೆನ್ನು. "ಮೇಡಂ, ಇದು ಹೋಗುತ್ತಿಲ್ಲ" ಎಂದರು, ಕಿವಿ ಕೆಂಪಾಗಿತ್ತು.

ಗುಮಾಸ್ತೆ ಎದ್ದು ಬಂದು, ಮತ್ತೆ ಬರೆಯಲೆಂದು ಅವರು ಹಿಡಿದಿದ್ದ ಪೆನ್ನು ತೆಗೆದುಕೊಂಡರು. ಖಾಲಿ ಉಳಿದಿದ್ದ ಆ ಗೆರೆಗೆ ತಾಗುವಂತೆ, ಅದರ ಕೆಳಗೆ, ನನ್ನ ಕೆಲಸದ ಹೆಸರನ್ನು ಹಿಂದಿಯಲ್ಲಿ ಒಂದೊಂದೇ ಅಕ್ಷರವಾಗಿ ತೂಗುಹಾಕುತ್ತ ಹೋದರು. ಕೊನೆಯ ಅಕ್ಷರ ಮುಗಿಸಿ ಪೆನ್ನಿನ ಮುಚ್ಚಳ ಹಾಕಿದರು. ತಲೆಯ ಮೇಲೆ ಗೆರೆ ಎಳೆಯಬೇಕಾಗಿರಲಿಲ್ಲ, ಮುಖ್ಯಸ್ಥರು ಆಗಲೇ ಎಳೆದಿದ್ದರು.