ಪಿಳ್ಳಣ್ಣನ ವ್ಯಾನು, ಎಂಟೂವರೆ ಗಂಟೆ

ಅಂದು ಬೆಳಿಗ್ಗೆ ಏಳೂಮುಕ್ಕಾಲಿಗೆ ಎಂದಿನಂತೆ ನಾವು ಮೂವರೂ ಗೇಟಿನ ಬಳಿ ಇದ್ದೆವು. ಡಬ್ಬಿಗೆ ಚಿತ್ರಾನ್ನ ಹಾಕಿಯಾಗಿತ್ತು, ಬಾಟಲಿಗೆ ಬಿಸಿನೀರು ತುಂಬಿಯಾಗಿತ್ತು. ನನ್ನವರು ರಾತ್ರಿಯ ಪೈಜಾಮದಲ್ಲೇ ಮೊಣಕಾಲೂರಿ ಮಗಳ ಶೂ ಲೇಸು ಕಟ್ಟುತ್ತಿದ್ದರು. ಯುಕೆಜಿಯ ಚಿನ್ನು ಅವರ ತಲೆಗೂದಲು ಹಿಡಿದು ಒಂಟಿಕಾಲಲ್ಲಿ ನಿಂತು ಯಾವುದೋ ಕನಸು ಹೇಳುತ್ತಿದ್ದಳು. ನಾನು ಮಾತ್ರ ಅವಳ ಕಣ್ಣನ್ನೇ ನೋಡುತ್ತಿದ್ದೆ. ರೆಪ್ಪೆ ಊದಿದೆಯೇ? ಕೆಂಪಗಿದೆಯೇ? ಪಿಳ್ಳಣ್ಣನ ಶಾಲಾ ವ್ಯಾನು ಬರುವ ಮುಂಚಿನ ಐದು ನಿಮಿಷ ನನ್ನ ಎದೆ ಹೀಗೆಯೇ, ಕಾನ್ವೆಂಟಿನ ಸಿಸ್ಟರ್ ಮುಂದೆ ಹೋಂವರ್ಕ್ ತೋರಿಸಲು ನಿಂತ ಹುಡುಗಿಯ ಎದೆಯ ಹಾಗೆ ಹೊಡೆದುಕೊಳ್ಳುತ್ತಿತ್ತು.

ಏಕೆಂದರೆ ಪಿಳ್ಳಣ್ಣನಿಗೆ ಒಂದು ವಿದ್ಯೆ ಗೊತ್ತಿತ್ತು. ಮಗು ವ್ಯಾನಿನ ಮೆಟ್ಟಿಲು ಹತ್ತುವುದನ್ನು ನೋಡಿ, ಹಿಂದಿನ ರಾತ್ರಿ ಅದು ಎಷ್ಟು ಗಂಟೆಗೆ ಮಲಗಿತ್ತೆಂದು ಹೇಳಿಬಿಡುತ್ತಿದ್ದರು. ಎಂಟಕ್ಕೆ ಮಲಗಿದ ಮಗು ಏನನ್ನೂ ಹಿಡಿಯದೆ ಹತ್ತುತ್ತದೆ. ಒಂಬತ್ತೂವರೆಯದು ಕಂಬಿ ಹಿಡಿಯುತ್ತದೆ. ಹತ್ತು ದಾಟಿದ್ದರೆ ಮೊದಲು ಮೊಣಕಾಲು ಊರುತ್ತದೆ. ಹನ್ನೊಂದರದು ಹತ್ತುವುದೇ ಇಲ್ಲ, ಅಮ್ಮನ ಸೆರಗು ಹಿಡಿದು ನಿಲ್ಲುತ್ತದೆ. ತಡವಾಗಿ ಮಲಗಿದವರಿಗೆ ಹಿಂದಿನ ಮೂಲೆಯ ಸೀಟು. ಅಲ್ಲಿ ಕಿಟಕಿಯ ಕಂಬಿಗೆ ತಲೆ ಬಡಿಯದಂತೆ ಪಿಳ್ಳಣ್ಣ ಒಂದು ಟವೆಲ್ ಸುತ್ತಿಟ್ಟಿದ್ದರು. ನಮ್ಮ ಬೀದಿಯ ತಾಯಂದಿರಿಗೆಲ್ಲ ಆ ಟವೆಲ್ ಕಂಡರೆ ಭಯ.

ಪಿಳ್ಳಣ್ಣ, ಈಗ ನಮ್ಮ ಬಡಾವಣೆಯಾಗಿರುವ ಸಿಂಗಾಪುರ ಹಳ್ಳಿಯ ಹಳೆಯ ಒಕ್ಕಲು ಮನೆತನದವರು. ಸೊಪ್ಪು ಬೆಳೆಯುತ್ತಿದ್ದ ಹೊಲವೆಲ್ಲ ಸೈಟುಗಳಾಗಿ, ಅವುಗಳಲ್ಲೊಂದರ ಮೇಲೆ ನಮ್ಮ ಮನೆ ಎದ್ದಿದೆ. "ನಿಮ್ಮ ಅಡುಗೆಮನೆ ಐತಲ್ಲ ತಾಯಿ, ಅಲ್ಲೇ ನಮ್ ದಂಟಿನ್ ಮಡಿ ಇದ್ದಿದ್ದು" ಎಂದು ನಗುತ್ತಿದ್ದರು. ಬಿಳಿ ಪಂಚೆಯ ಮೇಲೆ ಖಾಕಿ ಅಂಗಿ, ಕಿವಿಯ ಮೇಲೊಂದು ಪೆನ್ನು. ಹಾರ್ನ್ ಹೊಡೆಯುತ್ತಿರಲಿಲ್ಲ. "ಒಳಗೆ ನಿದ್ದೆ ಮಾಡೋ ಕೂಸವೆ" ಎನ್ನುತ್ತಿದ್ದರು.

ಹಿಂದಿನ ವರ್ಷ, ಚಿನ್ನು ಎಲ್‌ಕೆಜಿಗೆ ಸೇರಿದ ಹೊಸತು. ಮೂಲೆಯ ಸೀಟು ಅವಳಿಗೆ ಕಾಯಂ ಆಗಿತ್ತು. ನನ್ನವರ ಆಫೀಸು ಏರ್‌ಪೋರ್ಟ್ ಕಡೆ. ಹೆಬ್ಬಾಳ ದಾಟಿ ಮನೆ ಸೇರುವಾಗ ಒಂಬತ್ತೂವರೆ. ಆಮೇಲೆ ಕುದುರೆಯಾಟ, ಕಣ್ಣಾಮುಚ್ಚಾಲೆ. ಹತ್ತೂವರೆಗೂ ಅವಳ ನಗು ನಿಲ್ಲುತ್ತಿರಲಿಲ್ಲ. ಆ ನಗುವನ್ನು ನಿಲ್ಲಿಸುವ ಧೈರ್ಯ ನನಗೂ ಇರಲಿಲ್ಲ. ಒಮ್ಮೆ ಅವಳ ಮುಖವನ್ನು ತಣ್ಣೀರಿನಲ್ಲಿ ಎರಡು ಸಲ ತೊಳೆದು, ಪೌಡರ್ ಹಚ್ಚಿ, ಗೇಟಿನವರೆಗೂ ಕುಣಿಸಿಕೊಂಡು ಬಂದೆ.

"ಬೇಗ ಮಲಗಿದ್ಳು ಪಿಳ್ಳಣ್ಣ" ಎಂದೆ, ಅವರು ಕೇಳುವ ಮೊದಲೇ.

ಅವರು ಮೆಟ್ಟಿಲಿಗೆ ಊರಿದ್ದ ಅವಳ ಮೊಣಕಾಲು ನೋಡಿದರು. "ಅತ್ತೂವರೆ. ಸುಳ್ ಏಳ್ಬ್ಯಾಡಿ ತಾಯಿ. ಪೌಡರ್ ಚೆನ್ನಾಗೈತೆ."

ಹಿಂದಿದ್ದ ಮಕ್ಕಳೆಲ್ಲ ನಕ್ಕವು. ನನಗೆ ನೆಲ ಬಿರಿಯಬಾರದೇ ಎನಿಸಿತು.

ಅದೇ ವಾರ ಟೀಚರ್ ಡೈರಿಯಲ್ಲಿ ಬರೆದು ಕಳಿಸಿದರು: ಮಗಳು ತರಗತಿಯಲ್ಲಿ ತೂಕಡಿಸುತ್ತಾಳೆ. ಕಾನ್ವೆಂಟಿನಲ್ಲಿ ಓದಿದವಳು ನಾನು. ಡೈರಿಯಲ್ಲಿ ಏನಾದರೂ ಬಂದರೆ ಇಂದಿಗೂ ಊಟ ಸೇರುವುದಿಲ್ಲ. ಮಕ್ಕಳು ಎಷ್ಟಕ್ಕೆ ಮಲಗಬೇಕೆಂದು ಫೋನಿನಲ್ಲಿ ಹುಡುಕಿದೆ. ಒಂದು ಕಡೆ ಏಳೂವರೆ ಎಂದಿತ್ತು, ಇನ್ನೊಂದು ಕಡೆ ಒಂಬತ್ತಾದರೂ ಸರಿ ಎಂದಿತ್ತು. ಕೊನೆಗೆ ಬಣ್ಣದ ಪೆನ್ನಿನಲ್ಲಿ, ದುಂಡಗೆ, ಎಂಟೂವರೆ ಎಂದು ಬರೆದು ಫ್ರಿಜ್ಜಿಗೆ ಅಂಟಿಸಿದೆ. ಮಗಳು ಐದು ದಿನ ಎಂಟೂವರೆಗೆ ಮಲಗಿದಳು. ನಿದ್ದೆ ಮಾತ್ರ ಮಾಡಲಿಲ್ಲ. ಗೇಟಿನ ಸದ್ದಿಗೆ ಕಿವಿಗೊಟ್ಟು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡೇ ಇರುತ್ತಿದ್ದಳು. ಐದನೆಯ ದಿನ, "ಅಪ್ಪ ಬೇರೆ ಊರಿಗೆ ಹೋದ್ರಾ ಅಮ್ಮಾ?" ಎಂದಳು. ಮರುದಿನ ಪಿಳ್ಳಣ್ಣನ ಮುಂದೆ ಎಲ್ಲವನ್ನೂ ಹೇಳಿಕೊಂಡೆ. "ಬೇಗ ಮಲಗಿಸಿದ್ರೆ ಅಪ್ಪ ಸಿಗಲ್ಲ, ಅಪ್ಪ ಸಿಕ್ರೆ ನಿದ್ದೆ ಸಿಗಲ್ಲ. ಭಾನುವಾರ ಜಾಸ್ತಿ ಮಲಗಿಸಿದ್ರೆ ಸರಿಹೋಗಲ್ವಾ?"

"ಸೊಪ್ಪಿಗೆ ನೀರ್ ಬುಟ್ಟಂಗೆ ಕಣವ್ವ. ಆರ್ ದಿನ ಒಣಗಾಕಿ ಏಳನೇ ದಿನ ಮಡಿ ತುಂಬಾ ಬುಟ್ರೆ ಚಿಗುರ್ತದಾ? ಕೊಳೀತದೆ." ವ್ಯಾನು ಆಫ್ ಮಾಡಿದರು. ಅಂಥದ್ದು ಅಪರೂಪ. "ನಾನು ಮೂರ್ ಗಂಟೆಗೆದ್ದು ಸೊಪ್ಪು ಏರ್ಕೊಂಡು ಯಶವಂತಪುರದ್ ಮಾರ್ಕೆಟ್ಗೆ ಓಯ್ತಿದ್ದೆ. ಬರಾದು ಕತ್ತಲಾದ್ ಮ್ಯಾಕೆ. ಒಂದಿನ ಜ್ವರ ಬಂದು ಮನೇಲೇ ಮಲಗಿದ್ದೆ. ನನ್ ಮಗಳಿಗೆ ಮೂರ್ ವರ್ಸ. ನನ್ ನೋಡಿ ಏನಂದ್ಳು ಗೊತ್ತಾ? ಅವ್ವಾ, ಯಾರೋ ಮಾಮ ಬಂದವ್ರೆ, ಅಂದ್ಳು."

ಅವರು ನಗಲಿಲ್ಲ. ನಾನೂ ನಗಲಿಲ್ಲ.

"ನಿಮ್ ಯಜಮಾನ್ರು ಬೆಳಿಗ್ಗೆ ಏನ್ ಮಾಡ್ತಾರೆ?"

"ಮಲಗಿರ್ತಾರೆ."

"ಎಬ್ಬುಸ್ರಿ ಮತ್ತೆ! ರಾತ್ರಿ ನಿದ್ದೆ ಕದ್ದು ಅಪ್ಪನ್ನ ಕೊಡ್ಬ್ಯಾಡಿ. ಬೆಳಿಗ್ಗೆ ಕೊಡಿ."

ಶೂ ಕಟ್ಟುವ ಕೆಲಸ ನನ್ನವರಿಗೆ ಬಂದದ್ದು ಹಾಗೆ. ಎರಡು ಜಡೆ ಎರಡು ಎತ್ತರದಲ್ಲಿ ಹೆಣೆಯುವ ಕೆಲಸವೂ. ಎಂಟೂವರೆಯ ನಿದ್ದೆ ರೂಢಿಯಾಗಲು ತಿಂಗಳೊಂದು ಹಿಡಿಯಿತು. ಒಂದು ದಿನ ಚಿನ್ನು ಏನನ್ನೂ ಹಿಡಿಯದೆ ಮೆಟ್ಟಿಲು ಹತ್ತಿದಳು. ಪಿಳ್ಳಣ್ಣ ಮುಂದಿನ ಸೀಟನ್ನು ಅಂಗೈಯಿಂದ ಒರೆಸಿ ಅವಳನ್ನು ಕೂರಿಸಿದರು.

ಇಷ್ಟಾದರೂ ನನ್ನ ಭಯ ಹೋಗಿರಲಿಲ್ಲ. ಅವರ ಮುಖ ನೋಡಿದ ಮೇಲೆಯೇ ನನ್ನ ಕಾಫಿ.

ಚಿನ್ನು ಒಂಟಿಕಾಲಲ್ಲಿ ನಿಂತು ಕನಸು ಹೇಳುತ್ತಿದ್ದ ಅಂದು ಬೆಳಿಗ್ಗೆ ವ್ಯಾನು ಹಾರ್ನ್ ಹೊಡೆಯುತ್ತಾ ಬಂತು. ಸ್ಟೀರಿಂಗ್ ಹಿಡಿದವರು ಪಿಳ್ಳಣ್ಣನ ಅಳಿಯ, ಮಗಳ ಗಂಡ. "ಮಾವ ಇನ್ಮೇಲೆ ಬರಲ್ಲ ಮೇಡಂ" ಎಂದಷ್ಟೇ ಹೇಳಿ, ಚಿನ್ನು ಹತ್ತಿದ ಮೆಟ್ಟಿಲ ಕಡೆ ತಿರುಗಿಯೂ ನೋಡದೆ ಹೊರಟುಬಿಟ್ಟರು. ಏನಾಯಿತು? ಬಿದ್ದರೇ? ಆಸ್ಪತ್ರೆಯೇ? ಪಿಳ್ಳಣ್ಣನಿಗೆ ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಮಧ್ಯಾಹ್ನ ಮಗಳು ಕ್ಷೇಮವಾಗಿ ಇಳಿಯುವವರೆಗೆ ಅನ್ನದ ಕುಕ್ಕರ್ ಎಷ್ಟು ಕೂಗಿತೆಂದು ಎಣಿಸಲೂ ಆಗಲಿಲ್ಲ.

ರಾತ್ರಿ ಎಂಟಕ್ಕೆ ನನ್ನವರ ಫೋನು. "ಇವತ್ತು ಹೆಬ್ಬಾಳ ಖಾಲಿ ಇದೆ, ನಂಬ್ತೀಯಾ? ಒಂಬತ್ತರೊಳಗೆ ಬರ್ತೀನಿ. ಅವಳನ್ನ ಮಲಗಿಸ್ಬೇಡ ಕಣೇ. ಒಂದಿನಕ್ಕೆ ಏನಾಗತ್ತೆ?" ಫೋನಿಗೆ ಕಿವಿಯಿಟ್ಟಿದ್ದ ಚಿನ್ನು ಚಪ್ಪಾಳೆ ತಟ್ಟಿದಳು. ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಬಾಗಿಲ ಮೆಟ್ಟಿಲ ಮೇಲೆ ಕಾದೆ. ಎಂಟೂಕಾಲಿಗೆ ಅವಳ ಮಾತು ನಿಂತಿತು. ಎಂಟೂವರೆಗೆ ತಲೆ ನನ್ನ ತೋಳಿಗೆ ಒಂದು ಸಲ ಬಡಿಯಿತು. ಬೆಚ್ಚಿ ಎದ್ದು, "ಅಪ್ಪ ಬಂದ್ರಾ?" ಎಂದಳು.

ಎದುರುಮನೆಯ ಸರಳಾ ಗಿಡಕ್ಕೆ ಪೈಪ್ ಹಿಡಿದಿದ್ದರು. "ಗೊತ್ತಾಯ್ತಾ? ಪಿಳ್ಳಣ್ಣ ವ್ಯಾನ್ ಬಿಟ್ಬಿಟ್ರಂತೆ. ಹಾಲಿನವನು ಹೇಳ್ದ. ಹೆಂಡ್ತಿಗೆ ಹುಷಾರಿಲ್ಲ, ಎರಡು ತಿಂಗಳಿಂದ ರಾತ್ರಿಯೆಲ್ಲ ಎದ್ದೇ ಇರ್ತಾರಂತೆ. ನಿನ್ನೆ ಸಿಗ್ನಲ್‌ನಲ್ಲಿ ನಿಂತಿದ್ದಾಗ ಒಂದು ಸಲ ಕಣ್ಣು ಮುಚ್ಚಿತಂತೆ, ಅಷ್ಟೇ ಕಣ್ರೀ. ಏನೂ ಆಗ್ಲಿಲ್ಲ, ಯಾರೂ ನೋಡ್ಲೂ ಇಲ್ಲ. ಮಕ್ಕಳನ್ನೆಲ್ಲ ಇಳಿಸಿ, ಸೀದಾ ಹೋಗಿ ಅಳಿಯನ ಕೈಗೆ ಕೀ ಕೊಟ್ರಂತೆ."

ನಾನು ಎರಡು ವರ್ಷ ದಿನವೂ ಮಗಳ ನಿದ್ದೆಯ ಲೆಕ್ಕವನ್ನು ಅವರಿಗೆ ಒಪ್ಪಿಸಿದವಳು, ನಿಮಗೆ ನಿದ್ದೆಯಾಯಿತೇ ಪಿಳ್ಳಣ್ಣ ಎಂದು ಒಂದು ಬೆಳಿಗ್ಗೆಯೂ ಕೇಳಿರಲಿಲ್ಲ.

ಒಂದು ಸಲಕ್ಕೆ ಏನಾಗತ್ತೆ ಎನ್ನದೆ ಕೀ ಕೊಟ್ಟವರನ್ನು ನೆನೆದು, ಚಿನ್ನುವನ್ನು ಎತ್ತಿಕೊಂಡು ಒಳಗೆ ಹೋದೆ. "ಅಪ್ಪಾ" ಎಂದು ಕೊಸರಾಡಿದಳು, ನನ್ನ ಕತ್ತಿನ ಮೇಲೆ ಎರಡು ಹನಿ ಕಣ್ಣೀರು ಬಿಸಿಯಾಗಿ ಬಿತ್ತು. ಹೊದಿಕೆ ಎಳೆಯುವಷ್ಟರಲ್ಲಿ ನಿದ್ದೆ ಹತ್ತಿತ್ತು. ಒದ್ದೆ ಕೆನ್ನೆ ಒರೆಸಿ, ಗೇಟಿನ ಚಿಲಕ ಹಾಕಲು ಹೊರಗೆ ಬಂದೆ.

ಸರಳಾ ಪೈಪ್ ಸುತ್ತಿಡುತ್ತಿದ್ದರು. "ಅಯ್ಯೋ, ಮಲಗಿಸೇಬಿಟ್ರಾ?" ಎಂದರು. "ಇನ್ನೊಂದು ಸ್ವಲ್ಪ ಹೊತ್ತು ತಡೆದಿದ್ರೆ ಅವರಪ್ಪನೇ ಮಲಗಿಸ್ತಿದ್ರಲ್ಲ."