ತಂಬೂರಿ ಎಷ್ಟು ಲೀಟರ್?

ನನ್ನ ಹೆಂಡತಿ ವಾರಕ್ಕೊಮ್ಮೆ ಪಕ್ಕದ ಊರಾದ ಸಾಸವಡಕ್ಕೆ ಹೋಗಿ ಸಂಗೀತ ಕಲಿಸುತ್ತಾಳೆ. ಅವಳ ತಂಬೂರಿ ಬಸ್ಸಿನಲ್ಲಿ ನನ್ನ ತೊಡೆಯ ಮೇಲೆ ಪ್ರಯಾಣ ಮಾಡುತ್ತಿತ್ತು. ಹೋದ ತಿಂಗಳು ನೂಕುನುಗ್ಗಲಿನಲ್ಲಿ ಅದರ ಉದ್ದನೆಯ ದಂಡಿ ಬಿರುಕು ಬಿಟ್ಟಿತು. ರಿಪೇರಿ ಮಾಡಿದವರು, ಇನ್ನೊಮ್ಮೆ ಪೆಟ್ಟು ಬಿದ್ದರೆ ಮುಗೀತು ಎಂದರು. ಕಾರು ಕೊಳ್ಳುವುದು ನಿಶ್ಚಯವಾಯಿತು.

ಕಾತ್ರಜದಲ್ಲಿ ಹಳೆ ಕಾರು ಮಾರುವವರು ನಮ್ಮ ವಿಜಯಪುರದ ಕಡೆಯವರೇ. ಎತ್ತರದ ಕಾರೊಂದನ್ನು ತೋರಿಸಿ, "ಡಿಕ್ಕಿ ಐನೂರು ಲೀಟರ್ ಅದರೀ ಅಕ್ಕಾರ. ಬಾಜೂದ ಉದ್ದನ್ನ ಎಸ್ಟೇಟ್ ಗಾಡೀದು ಅಷ್ಟಿಲ್ಲ" ಎಂದರು.

"ನಾವೇನು ಹಾಲು ತುಂಬ್ಕೊಂಡು ಹೋಗ್ತೀವೇನ್ರಿ?" ಎಂದ ಹೆಂಡತಿ, ನಾವು ಬಂದಿದ್ದ ರಿಕ್ಷಾದಿಂದ ತಂಬೂರಿಯನ್ನು ಇಳಿಸಿದಳು.

ಐನೂರು ಲೀಟರಿನಲ್ಲಿ, ಸೀಟು ಮಡಚಿದರೂ ದಂಡಿ ಹೊರಗೇ ಉಳಿಯಿತು. ಉದ್ದನೆಯ ಎಸ್ಟೇಟ್ ಕಾರಿನಲ್ಲಿ ಅರ್ಧ ಸೀಟು ಮಡಚಿದ್ದಷ್ಟೇ, ತಂಬೂರಿ ಆರಾಮಾಗಿ ಮಲಗಿತು. ಡಿಕ್ಕಿಯ ಬಾಗಿಲು ಮೆತ್ತಗೆ ಮುಚ್ಚಿತು.

"ಇಷ್ಟು ವರ್ಷ ಗಾಡಿ ಮಾರೇನ್ರಿ, ಗಿರಾಕಿ ತಂಬೂರಿ ತಂದಿದ್ದು ಇದ ಮೊದಲು" ಎಂದು ಅವರು ಕೀಲಿಕೈ ಕೊಟ್ಟರು.

ಈಗ ತಂಬೂರಿ ಕಾಲು ಚಾಚಿಕೊಂಡು ಹೋಗುತ್ತದೆ. ಕಾರು ನಡೆಸುವವಳು ಹೆಂಡತಿ, ಉಳಿದ ಸೀಟುಗಳಲ್ಲಿ ಇಲ್ಲಿಂದ ಜೊತೆಗೆ ಹೊರಡುವ ಅವಳ ಶಿಷ್ಯೆಯರು. ನಾನು ಅವರ ಹಿಂದೆ ಬಸ್ಸಿನಲ್ಲಿ ಹೋಗುತ್ತೇನೆ, ಕೈ ಬೀಸಿಕೊಂಡು.