ಒಪ್ಪ ಮಾಡದ ಅಡುಗೆಮನೆ

"ಅಮ್ಮಾ, ಟೇಪಜ್ಜಿ ಯಾಕೆ ಮೆಟ್ಟಿಲ ಮೇಲೆ ಅಂಬೆಗಾಲಿಡ್ತಾಳೆ? ಅವಳೂ ಪಾಪುನಾ?"

ಮಗ ಕೇಳಿದ್ದು ಕೆಳಗಿನ ಮನೆಯ ಪ್ರೊಫೆಸರಮ್ಮನ ವಿಷಯ. ಅವರ ಚೀಲದಲ್ಲಿ ಸದಾ ಅಳತೆಯ ಟೇಪು ಇರುತ್ತದೆ, ಅದಕ್ಕೇ ಮಕ್ಕಳು ಇಟ್ಟ ಹೆಸರು ಟೇಪಜ್ಜಿ. ತಾಯಿ ಬಾಗಿಲು ತೆರೆದು ನೋಡಿದರೆ ಮಗ ಹೇಳಿದ್ದು ನಿಜ. ತಲೆ ನರೆತ ಹೆಂಗಸು, ಕನ್ನಡಕ ಮೂಗಿನ ತುದಿಗಿಳಿದಿದೆ, ಮಂಡಿಯೂರಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಾರೆ.

"ಏನಾಯ್ತು ಮೇಡಂ, ಬಿದ್ರಾ?"

"ಇಲ್ಲಮ್ಮ, ನಿನ್ನ ಮಗನಷ್ಟೇ ಎತ್ತರ ಆಗಿದೀನಿ. ಮೆಟ್ಟಿಲ ಪಕ್ಕದ ಈ ಕಂಬಿ ಅವನ ಕೈಗೆ ಎಟುಕೋದೇ ಇಲ್ಲ ನೋಡು. ಹಾಕಿದ ಮಹಾರಾಯ ಒಂದ್ಸಲ ಮಂಡಿಯೂರಿ ನೋಡಿದ್ರೆ ಅವನ ಗಂಟೇನು ಹೋಗ್ತಿತ್ತು?"

ಈ ವಯಸ್ಸಿಗೆ ಬೇರೆಯವರು ಮಂಡಿಗೆ ಎಣ್ಣೆ ತಿಕ್ಕಿಕೊಂಡು ಕೂರುತ್ತಾರೆ. ಇವರು ಮಂಡಿಯಲ್ಲೇ ಮೆಟ್ಟಿಲು ಅಳೆಯುತ್ತಾರೆ.

ವಿಶ್ವವಿದ್ಯಾಲಯದಲ್ಲಿ ಮನೆ ಕಟ್ಟುವ ವಿದ್ಯೆ ಕಲಿಸುವವರು ಅವರು. ಹುಡುಗರು ಕಂಪ್ಯೂಟರ್ ಪರದೆಯ ಮೇಲೆ ಅರಮನೆ ಎಬ್ಬಿಸುತ್ತಾರೆ, ತುಂಬಿದ ಬಕೆಟ್ ಹಿಡಿದು ಒಂದು ಬಾಗಿಲು ದಾಟಿ ನೋಡಿರುವುದಿಲ್ಲ ಎಂಬುದು ಅವರ ಹಳೆಯ ತಕರಾರು. ಮೊದಲು ವಸ್ತು ಮುಟ್ಟಲಿ, ಜಾಗದಲ್ಲಿ ಓಡಾಡಲಿ, ಆಮೇಲೆ ಗೆರೆ ಎಳೆಯಲಿ ಎಂದು ಪ್ರತಿ ಸಭೆಯಲ್ಲೂ ಪಟ್ಟು ಹಿಡಿದರು. "ಹಾಗಾದ್ರೆ ಪಾತ್ರೆ ತೊಳೆಯೋದಕ್ಕೂ ಅಂಕ ಕೊಡೋಣವಾ?" ಎಂದು ಒಬ್ಬರು ಕಿಚಾಯಿಸಿದರಂತೆ. "ಕೊಡೋಣ ಸಾರ್. ಮೊದಲ ಪರೀಕ್ಷೆಗೆ ನೀವೇ ಕೂತ್ಕೊಳ್ಳಿ" ಎಂದರಂತೆ ಇವರು.

ಈ ಸಲ ಪಠ್ಯಕ್ರಮ ಬದಲಾಗುವಾಗ ಅವರ ವಿಷಯಕ್ಕೂ ಜಾಗ ಸಿಕ್ಕಿತು, ಆದರೆ ಒಂದು ಅವಧಿಯ ಪ್ರಯೋಗಕ್ಕೆ ಮಾತ್ರ. ಕೊನೆಯಲ್ಲಿ ವಿಶ್ವವಿದ್ಯಾಲಯದ ಸಮಿತಿ ಬಂದು ನೋಡುತ್ತದೆ, ಮನಸ್ಸಿಗೆ ಬರದಿದ್ದರೆ ವಿಷಯವನ್ನೇ ಕೈಬಿಡುತ್ತದೆ. ಪ್ರೊಫೆಸರಮ್ಮನೂ ಬರುವ ವರ್ಷ ನಿವೃತ್ತರು. ಆಮೇಲೆ ಇದಕ್ಕಾಗಿ ಜಗಳ ಕಾಯುವವರು ಯಾರೂ ಇಲ್ಲ.

ಸಮಿತಿ ಬರುವುದು ಹತ್ತಿರವಾದಾಗ ಒಂದು ಸಂಜೆ ಅವರು ಮೆಟ್ಟಿಲ ಮೇಲೆ ಸಪ್ಪಗೆ ಕೂತಿದ್ದರು. ವಿಭಾಗದ ಖಾಲಿ ಕೋಣೆಯಲ್ಲಿ ಅಡುಗೆಮನೆ ಮಾಡಿ, ಅದರ ತಪ್ಪು ಹುಡುಕಲು ಹುಡುಗರನ್ನು ಬಿಟ್ಟಿದ್ದರಂತೆ. ಹೊಸ ಕಟ್ಟೆ, ಹೊಸ ಒಲೆ, ಫಳಫಳ ಪಾತ್ರೆ.

"ಎಲ್ಲಾ ಅನುಕೂಲವಾಗಿದೆ ಅಂತ ಬರೆದುಕೊಟ್ರು ಕಣಮ್ಮ. ಅಲ್ಲಿ ಹಸಿದವರಿಲ್ಲ, ಅಳೋರಿಲ್ಲ. ತಪ್ಪು ಎಲ್ಲಿಂದ ಸಿಗುತ್ತೆ? ಬೊಂಬೆಮನೆ ಮಾಡಿ ನಾನೇ ಮೋಸಹೋದೆ."

"ಒಳಗೆ ಬನ್ನಿ, ಟೀ ಕುಡಿಯೋರಂತೆ" ಎಂದು ತಾಯಿ ಕರೆದೊಯ್ದಳು. ಅಡುಗೆಮನೆಯಲ್ಲಿ ಮಗ ಎತ್ತಿಕೋ ಎಂದು ಹಟ ಹಿಡಿದ. ಅವನನ್ನು ಸೊಂಟಕ್ಕೇರಿಸಿ, ಸಕ್ಕರೆ ಡಬ್ಬಿಗೆ ಒಂಟಿ ಕೈ ಚಾಚಿದಳು. ಡಬ್ಬಿ ಸಿಗಬೇಕಾದರೆ ತುದಿಗಾಲಲ್ಲಿ ನಿಲ್ಲಬೇಕು, ನಿಂತರೆ ಮಗನ ಕಾಲು ಒಲೆಯ ಹತ್ತಿರ ಹೋಗುತ್ತದೆ. ಅವಳು ಪಕ್ಕಕ್ಕೆ ಸರಿದಾಗ ಮೊಣಕೈ ಫ್ರಿಜ್ಜಿಗೆ ತಗುಲಿತು. ಅಷ್ಟರಲ್ಲಿ ಟೀಗಿಟ್ಟ ಹಾಲು ಉಕ್ಕಿತು.

"ಕೊಡಿಲ್ಲಿ ಇವನನ್ನ" ಎಂದು ಪ್ರೊಫೆಸರಮ್ಮ ಮಗುವನ್ನು ತಮ್ಮ ಸೊಂಟಕ್ಕೆ ಹಾಕಿಕೊಂಡು, ಅದೇ ಡಬ್ಬಿಗೆ ಕೈ ಚಾಚಿದರು. ಅದೇ ಫ್ರಿಜ್ಜು, ಅವರ ಮೊಣಕೈಗೂ ತಗುಲಿತು. ಅವರ ಮುಖ ಅರಳಿತು.

ತಾಯಿಗೆ ನಾಚಿಕೆ. ಸಿಂಕಿನ ತುಂಬ ಬೆಳಗಿನ ಪಾತ್ರೆ, ನೆಲದ ಮೇಲೆ ಆಟಿಕೆ, ಕಟ್ಟೆಯ ಮೇಲೆ ಹಾಲು. ಬಟ್ಟೆ ತೆಗೆದುಕೊಂಡು ಒರೆಸಲು ಹೋದಳು. ಅವರು ಕೈ ಹಿಡಿದುಕೊಂಡರು.

"ಒಂದು ಉಪಕಾರ ಮಾಡ್ತೀಯಾ? ಸೋಮವಾರ ನನ್ನ ಹುಡುಗರು ಬರ್ತಾರೆ, ಸಮಿತಿಯವರನ್ನೂ ಇಲ್ಲಿಗೇ ಕರ್ಕೊಂಡು ಬರ್ತೀನಿ. ನಿನ್ನ ಅಡುಗೆಮನೆ ಕೊಡು."

"ಅದಕ್ಕೇನು ಮೇಡಂ, ಭಾನುವಾರವೇ ಎಲ್ಲ ತಿಕ್ಕಿ ತೊಳೆದು..."

"ಅದೇ ಬೇಡ ಅನ್ನೋದು. ನನ್ನಾಣೆ, ಏನೂ ಒಪ್ಪ ಮಾಡಬೇಡ. ಇನ್ನೊಂದು, ಇವನು ಗುರುತಿಲ್ಲದವರ ಸೊಂಟ ಏರ್ತಾನಾ? ಸಮಿತಿಯ ಅಧ್ಯಕ್ಷರ ಕೈಗೆ ಕೊಟ್ಟು, ಸಕ್ಕರೆ ಡಬ್ಬಿ ತೆಗೀರಿ ಸಾರ್ ಅನ್ನಬೇಕು. ಅಷ್ಟು ಹೊತ್ತು ಅವನು ಸುಮ್ಮನಿರದ ಹಾಗೆ ನೋಡ್ಕೋ."